ಕೂಸಿನ ಬೆನ್ನಿಗೆ ಸೂಜಿ: ಹೆದರಬೇಕಾದದ್ದು ಯಾವುದಕ್ಕೆ?

ಸುರಪುರದ ಬಳಿಯ ಬೋನಾಳದ ಕೆರೆಯ ಸುತ್ತಲಿನ ಹಳ್ಳಿಗಳಲ್ಲಿ ಕೂಸಿನ ತೊಡೆಸಂದಿಯಲ್ಲಿ ಗಂಟು ಕಂಡರೆ, ಅತ್ತಾಗ ಅದು ಉಬ್ಬಿ ಸುಮ್ಮನಾದಾಗ ಇಳಿದರೆ, ಅದು ಹೆಚ್ಚಾಗಿ ಹರ್ನಿಯಾ. ಔಷಧಕ್ಕೆ ಹೋಗುವಂಥದ್ದಲ್ಲ, ಆಪರೇಷನ್ನೇ ಆಗಬೇಕು. ಸುರಪುರದಿಂದ ಯಾದಗಿರಿಗೋ ಕಲಬುರಗಿಗೋ ರಾಯಚೂರಿಗೋ ಹೋಗಬೇಕಾಗಬಹುದು. ಅಷ್ಟಕ್ಕೆಲ್ಲ ಒಪ್ಪಿದ ತಂದೆತಾಯಿ, ಸೊಂಟದ ಕೆಳಗೆ ಮರಗಟ್ಟಿಸಲು ‘ಬೆನ್ನಿಗೆ ಸೂಜಿ ಕೊಡ್ತೀವಿ’ ಎಂದು ವೈದ್ಯರು ಹೇಳಿದ ಕೂಡಲೇ ಹಿಂದೆ ಸರಿಯುತ್ತಾರೆ. ‘ಸಣ್ಣ ಕೂಸದರಿ ಸರ, ನಡಾ ಹೋದ್ರ ಏನ್ ಮಾಡಬೇಕ್ರಿ?’

ಈ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಸೂಜಿ ಹೋಗುವುದು ಬೆನ್ನುಹುರಿ ಇರುವ ಕಾಲುವೆಯೊಳಕ್ಕೇ. ಆದರೆ ಆ ಹುರಿ ಬೆನ್ನಿನ ಉದ್ದಕ್ಕೂ ಇರುವುದಿಲ್ಲ. ದೊಡ್ಡವರಲ್ಲಿ ಅದು ಸೊಂಟದ ಒಂದನೆಯ ಅಥವಾ ಎರಡನೆಯ ಮೂಳೆಯ ಹತ್ತಿರ ಮುಗಿಯುತ್ತದೆ. ಹುಟ್ಟಿದ ಕೂಸಿನಲ್ಲಿ ಮೂರನೆಯ ಮೂಳೆಯವರೆಗೂ ಇಳಿದಿರುತ್ತದೆ, ಸುಮಾರು ಒಂದು ವರ್ಷದ ಹೊತ್ತಿಗೆ ಮೇಲಿನ ಮಟ್ಟಕ್ಕೆ ಬರುತ್ತದೆ. ಅದಕ್ಕೇ ಎಳೆಗೂಸಿಗೆ ಇನ್ನೂ ಕೆಳಗೆ, ನಾಲ್ಕನೆಯ ಮತ್ತು ಐದನೆಯ ಮೂಳೆಗಳ ನಡುವೆ, ಸಣ್ಣ ಸೂಜಿ ಹಾಕುತ್ತಾರೆ. ಅಲ್ಲಿರುವುದು ದ್ರವ ಮತ್ತು ಅದರಲ್ಲಿ ತೇಲುವ ನರದೆಳೆಗಳು. ಕಾಲಿನ ಶಕ್ತಿ ಹೋಗುವುದು ಔಷಧದ ಪ್ರಭಾವ ಇರುವಷ್ಟು ಹೊತ್ತು ಮಾತ್ರ. ನರಕ್ಕೆ ಶಾಶ್ವತ ಪೆಟ್ಟು ಬೀಳುವುದು ಅತಿ ಅಪರೂಪ. ಬೀಳುವುದೇ ಇಲ್ಲ ಎಂದು ಯಾವ ಪ್ರಾಮಾಣಿಕ ವೈದ್ಯರೂ ಹೇಳಲಾರರು.

ಮಗುವೆಂದರೆ ಅಳತೆ ಕುಗ್ಗಿಸಿದ ದೊಡ್ಡ ಮನುಷ್ಯ ಅಲ್ಲ. ಬೆನ್ನುಹುರಿಯ ಸುತ್ತಲಿನ ದ್ರವ ದೊಡ್ಡವರಲ್ಲಿ ದೇಹತೂಕದ ಪ್ರತಿ ಕಿಲೋಗೆ ಸುಮಾರು 2 ಮಿಲಿ ಇದ್ದರೆ, ಎಳೆಗೂಸಿನಲ್ಲಿ 4 ಮಿಲಿ. ಆದ್ದರಿಂದ ತೂಕಕ್ಕೆ ಹೋಲಿಸಿದರೆ ಕೂಸಿಗೆ ಹೆಚ್ಚು ಔಷಧ ಬೇಕು, ಅದು ಇಳಿಯುವುದೂ ಬೇಗ. ಒಂದು ತಾಸು, ಹೆಚ್ಚೆಂದರೆ ಒಂದೂವರೆ ತಾಸು. ಹರ್ನಿಯಾ, ಇಳಿಯದ ವೃಷಣ, ಸೊಟ್ಟಪಾದದಂಥ ಸೊಂಟದ ಕೆಳಗಿನ ಚಿಕ್ಕ ಆಪರೇಷನ್ನುಗಳಿಗೆ ಅಷ್ಟು ಸಾಕು. ಸೀಳುತುಟಿಗೆ ಈ ದಾರಿ ಇಲ್ಲ. ದೊಡ್ಡವರಿಗೆ ಬೆನ್ನಿನ ಸೂಜಿಯಿಂದ ಬಿಪಿ ಇಳಿಯುವುದುಂಟು, ಐದಾರು ವರ್ಷದೊಳಗಿನ ಮಕ್ಕಳಲ್ಲಿ ಅದು ಅಷ್ಟಾಗಿ ಇಳಿಯುವುದಿಲ್ಲ. ಕಾಲು ಮರಗಟ್ಟಿದ ಎಳೆಗೂಸು ಎಷ್ಟೋ ಸಲ ತಾನಾಗಿಯೇ ನಿದ್ದೆ ಹೋಗುತ್ತದೆ. ನಾಲ್ಕೈದು ವರ್ಷದ ಮಗು ಹಾಗಲ್ಲ. ಅದಕ್ಕೆ ದೀಪ, ಮುಖಗವಸು, ಅಪರಿಚಿತ ದನಿ ಎಲ್ಲ ಭಯ, ಹಾಗಾಗಿ ಜೊತೆಗೆ ನಿದ್ದೆ ಬರುವ ಔಷಧವನ್ನೂ ಕೊಡುತ್ತಾರೆ.

ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರ್ ಈ ವಿಧಾನವನ್ನು ಮೊದಲು ಬಳಸಿದಾಗಲೇ ಅವರ ರೋಗಿಗಳಲ್ಲಿ 11 ವರ್ಷದ ಹುಡುಗನೊಬ್ಬನಿದ್ದ. ಆಮೇಲೆ ಮಕ್ಕಳಲ್ಲಿ ಇದರ ಬಳಕೆ ಹಿಂದೆ ಬಿತ್ತು. 1984ರಲ್ಲಿ ಅಮೆರಿಕದ ವರ್ಮಾಂಟ್‌ನ ವೈದ್ಯರು, ಅವಧಿಗೆ ಮೊದಲೇ ಹುಟ್ಟಿದ ಕೂಸುಗಳಿಗೆ ಇದು ಅನುಕೂಲವೆಂದು ಬರೆದ ಮೇಲೆ ಮತ್ತೆ ಗಮನಕ್ಕೆ ಬಂತು. ಇಂಥ ಕೂಸುಗಳು ಪೂರ್ತಿ ಮತ್ತು ಬರಿಸಿದ ಮೇಲೆ ಉಸಿರಾಡುವುದನ್ನೇ ನಡುನಡುವೆ ನಿಲ್ಲಿಸಬಹುದು.

ಹಾಗಾದರೆ ಮತ್ತು ಬರಿಸುವುದೇ ಕೆಟ್ಟದ್ದೇ? ಅಲ್ಲ. ಏಳು ದೇಶಗಳ 722 ಎಳೆಗೂಸುಗಳ ಹರ್ನಿಯಾ ಆಪರೇಷನ್ನಿನಲ್ಲಿ ಎರಡೂ ವಿಧಾನಗಳನ್ನು ಹೋಲಿಸಿದ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ಐದು ವರ್ಷದ ವಯಸ್ಸಿಗೆ ಎರಡೂ ಗುಂಪಿನ ಮಕ್ಕಳ ಬುದ್ಧಿಮತ್ತೆ ಒಂದೇ ಮಟ್ಟದಲ್ಲಿತ್ತು. ಒಂದು ತಾಸಿನೊಳಗಿನ ಮತ್ತಿಗೆ ಹೆದರಿ ಆಪರೇಷನ್ನನ್ನೇ ಮುಂದೆ ಹಾಕಬೇಕಿಲ್ಲ. ಗಂಟು ಗಟ್ಟಿಯಾಗಿ ಒಳಗೆ ಹೋಗದೆ ಕೂಸು ವಾಂತಿ ಮಾಡತೊಡಗಿದರಂತೂ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.

ನನ್ನ ದೃಷ್ಟಿಯಲ್ಲಿ ಸೂಜಿಯೋ ಮತ್ತು ಬರಿಸುವ ಗ್ಯಾಸೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆ, ಪಕ್ಕದಲ್ಲಿ ನಿಂತು ನೋಡಿಕೊಳ್ಳುವವರು ಯಾರು ಎಂಬುದು. ಏನನ್ನು ನೋಡಿಕೊಳ್ಳಬೇಕು ಎಂಬುದೂ ಹಳೆಯ ಚರ್ಚೆಯೇ. ಈ ಸೀಮೆ ನಿಜಾಮರ ರಾಜ್ಯದಲ್ಲಿದ್ದಾಗ, 1888 ಮತ್ತು 1889ರಲ್ಲಿ, ಹೈದರಾಬಾದಿನಲ್ಲಿ ವೈದ್ಯ ಎಡ್ವರ್ಡ್ ಲಾರಿ ಮುಂದಾಳತ್ವದಲ್ಲಿ, ಆಗ ಮತ್ತು ಬರಿಸಲು ಬಳಸುತ್ತಿದ್ದ ಕ್ಲೋರೋಫಾರ್ಮ್ ಕುರಿತ ಆಯೋಗಗಳು ಕೂತವು. ಉಸಿರನ್ನು ಗಮನಿಸಿದರೆ ಸಾಕು, ಹೃದಯದ ಚಿಂತೆ ಬೇಡ ಎಂಬುದು ಅವರ ನಿಲುವು. ಕ್ಲೋರೋಫಾರ್ಮ್ ನೇರವಾಗಿ ಹೃದಯವನ್ನೇ ನಿಲ್ಲಿಸಬಲ್ಲದೆಂದು ಆಮೇಲೆ ಸಾಬೀತಾಯಿತು. ಇಂದು ಉಸಿರು, ನಾಡಿ, ರಕ್ತದ ಆಮ್ಲಜನಕ, ಬಿಪಿ ಎಲ್ಲದರ ಮೇಲೂ ಕಣ್ಣಿಡುತ್ತಾರೆ. ಬೆನ್ನಿನ ಸೂಜಿ ಕೆಲವೊಮ್ಮೆ ಹಿಡಿಯುವುದಿಲ್ಲ, ಕೆಲವೊಮ್ಮೆ ಆಪರೇಷನ್ ಮುಗಿಯುವ ಮೊದಲೇ ಇಳಿಯುತ್ತದೆ. ಆಗ ಮಗುವಿಗೆ ಪೂರ್ತಿ ಮತ್ತು ಕೊಟ್ಟು ಉಸಿರಾಟ ನಡೆಸುವ ತಜ್ಞರೂ ಸಲಕರಣೆಗಳೂ ಅಲ್ಲೇ ಇರಬೇಕು. ಅವಿಲ್ಲದ ಕಡೆ ‘ಬರೀ ಬೆನ್ನಿಗಷ್ಟೇ’ ಎಂದು ಶುರು ಮಾಡುವುದು ಸರಿಯಲ್ಲ. ಅರಿವಳಿಕೆ ತಜ್ಞರು ಯಾರು, ಮಕ್ಕಳಿಗೆ ಕೊಟ್ಟ ರೂಢಿ ಇದೆಯೇ, ಸೂಜಿ ಹಿಡಿಯದಿದ್ದರೆ ಏನು ಮಾಡುತ್ತೀರಿ ಎಂದು ಕೇಳುವುದು ಉದ್ಧಟತನವಲ್ಲ.

ಮನೆಯವರ ಪಾಲಿನ ಕೆಲಸವೂ ಉಂಟು. ಕೂಸು ಅಳುತ್ತದೆಂದು ಮರುಕಪಟ್ಟು ಅಜ್ಜಿ ಗುಟ್ಟಾಗಿ ಕುಡಿಸಿದ ಎರಡು ಗುಟುಕು ಹಾಲು ಹೊಟ್ಟೆಯಿಂದ ಮೇಲೆ ಬಂದು ಶ್ವಾಸಕೋಶ ಸೇರಿದರೆ ಜೀವಕ್ಕೇ ಕುತ್ತು. ಬೆನ್ನಿಗೆ ಸೂಜಿ ಕೊಟ್ಟರೂ ಹೊಟ್ಟೆ ಖಾಲಿ ಇರಲೇಬೇಕು. ಊಟ, ಬಿಸ್ಕತ್ತು, ಹಾಲು ಹಾಕಿದ ಚಹಾ ಆರು ತಾಸು ಮೊದಲೇ ನಿಲ್ಲಬೇಕು. ಎದೆಹಾಲು ನಾಲ್ಕು ತಾಸು ಮೊದಲು. ನೀರು ಎಷ್ಟು ಹೊತ್ತಿನವರೆಗೆ ಕೊಡಬಹುದೆಂದು ವೈದ್ಯರನ್ನೇ ಕೇಳಿ, ಅಷ್ಟರವರೆಗೆ ಕುಡಿಸಿ. ಸುಮ್ಮನೆ ಬಾಯಿ ಒಣಗಿಸಬೇಡಿ. ತಪ್ಪಿ ಏನಾದರೂ ತಿನ್ನಿಸಿದ್ದರೆ ಬಾಯಿಬಿಟ್ಟು ಹೇಳಿ. ಆಪರೇಷನ್ ಕೆಲವು ತಾಸು ಮುಂದೆ ಹೋಗುತ್ತದೆ, ಅಷ್ಟೇ.

ಕೂಸು ಎಂಟು ತಿಂಗಳಿಗೇ ಹುಟ್ಟಿದ್ದರೆ ಅದನ್ನೂ ಮೊದಲೇ ತಿಳಿಸಿ. ಮನೆಯಲ್ಲಿ ಯಾರಿಗಾದರೂ ರಕ್ತ ಬೇಗ ಹೆಪ್ಪುಗಟ್ಟದ ತೊಂದರೆಯಿದ್ದರೆ, ಕೂಸಿನ ಬೆನ್ನ ಮೇಲೆ ಗಾಯವೋ ಗುಂಡಿಯೋ ಇದ್ದರೆ ಅದನ್ನೂ ಹೇಳಬೇಕು. ಅವಧಿಗೆ ಮೊದಲು ಹುಟ್ಟಿದ ಎಳೆಗೂಸನ್ನು, ಆಪರೇಷನ್ ಎಷ್ಟೇ ಚಿಕ್ಕದಿದ್ದರೂ, ಯಾವ ವಿಧಾನದಲ್ಲಿ ಮಾಡಿದ್ದರೂ, ಆ ರಾತ್ರಿ ಆಸ್ಪತ್ರೆಯಲ್ಲೇ ಇಟ್ಟು ಉಸಿರಾಟ ನೋಡುತ್ತಾರೆ. ಸುರಪುರದ ಕೊನೆಯ ಬಸ್ಸು ತಪ್ಪುತ್ತದೆಂದು ಬಿಡುಗಡೆಗೆ ಒತ್ತಾಯಿಸಬೇಡಿ.