ಮಾತ್ರೆ ಬಿಡುವುದಕ್ಕೂ ಒಂದು ಕ್ರಮವಿದೆ



ನಮ್ಮ ಕಂಬಂ ಕಣಿವೆಯ ಊರುಗಳಿಂದ ದಿನವೂ ಬೆಳಗಿನ ಜಾವ ಜೀಪುಗಳು ಹೊರಡುತ್ತವೆ. ಕುಮಳಿ, ಕಂಬಂಮೆಟ್ಟು, ಬೋಡಿಮೆಟ್ಟು ದಾರಿಗಳಲ್ಲಿ ಘಟ್ಟ ಹತ್ತಿ ಇಡುಕ್ಕಿ ಜಿಲ್ಲೆಯ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುವವರಲ್ಲಿ ಹೆಂಗಸರೇ ಹೆಚ್ಚು. ಅವರಲ್ಲಿ ಒಬ್ಬ ತಾಯಿ, ಗಂಡ ತೀರಿಕೊಂಡ ಮೇಲೆ ಊಟ, ನಿದ್ರೆ, ಮಾತು ಎಲ್ಲವನ್ನೂ ಬಿಟ್ಟಿದ್ದರು. ಡಾಕ್ಟರು ಕೊಟ್ಟ ಖಿನ್ನತೆಯ ಮಾತ್ರೆಯಿಂದ ಕೆಲವು ತಿಂಗಳಲ್ಲಿ ಚೇತರಿಸಿಕೊಂಡು ಮತ್ತೆ ಜೀಪು ಹತ್ತಿದರು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ನನ್ನನ್ನು ಕೇಳಿದರು: "ಉಪದೇಶಿಯಣ್ಣಾ, ಈಗ ಚೆನ್ನಾಗಿದ್ದೇನೆ. ಇನ್ನೂ ಈ ಮಾತ್ರೆ ಬೇಕಾ?" ನಾನು ಹಿಂದುಮುಂದು ನೋಡದೆ, "ಚೆನ್ನಾಗಿದ್ದ ಮೇಲೆ ಯಾಕಕ್ಕಾ? ದೇವರಿದ್ದಾನೆ, ಬಿಟ್ಟುಬಿಡಿ" ಎಂದುಬಿಟ್ಟೆ.

ಅವರು ಅಂದೇ ಬಿಟ್ಟರು. ಮೂರನೆಯ ದಿನ ತಲೆಸುತ್ತು, ವಾಕರಿಕೆ. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತೆ. ರಾತ್ರಿ ಕೆಟ್ಟ ಕನಸು, ಹಗಲು ಕಾರಣವಿಲ್ಲದ ಅಳು, ಸಿಟ್ಟು. ನೆರೆಯವರು ಗಾಳಿ ಸೋಕಿದೆ ಎಂದರು. ಮಗ ಹಳೆಯ ಕಾಯಿಲೆ ತಿರುಗಿ ಬಂತು ಎಂದು ಹೆದರಿದ. ಡಾಕ್ಟರು ಮಾತ್ರ ಮೊದಲು ಕೇಳಿದ್ದು, "ಮಾತ್ರೆ ನಿಲ್ಲಿಸಿದಿರಾ?" ಎಂದು. ಮತ್ತೆ ಮಾತ್ರೆ ಶುರು ಮಾಡಿದ ಕೆಲವೇ ದಿನಗಳಲ್ಲಿ ಅವರು ಸರಿಹೋದರು. ನನ್ನ ನಾಚಿಕೆ ಇನ್ನೂ ಹೋಗಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮಾತ್ರೆ ಬಿಡಬೇಕೆಂದು ಆಸೆಪಡುವುದು ತಪ್ಪಲ್ಲ. ಒಂದೇ ದಿನದಲ್ಲಿ, ಯಾರನ್ನೂ ಕೇಳದೆ ಬಿಡುವುದು ತಪ್ಪು. ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಂಡಾಗ ಮಿದುಳು ಅದಕ್ಕೆ ಹೊಂದಿಕೊಂಡಿರುತ್ತದೆ. ಥಟ್ಟನೆ ತೆಗೆದರೆ ಮತ್ತೆ ಹೊಂದಿಕೊಳ್ಳುವತನಕ ಸಂಕಟಪಡುತ್ತದೆ. ಇದು ಹೆಂಡದ ಚಟದಂಥದ್ದಲ್ಲ. ಇನ್ನಷ್ಟು ಬೇಕೆಂಬ ಹಂಬಲ ಇದರಲ್ಲಿಲ್ಲ. ಪ್ಯಾರೋಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಮಾತ್ರೆಗಳು ದೇಹದಿಂದ ಬೇಗ ಹೋಗುವುದರಿಂದ ತೊಂದರೆ ಹೆಚ್ಚು. ಫ್ಲುವಾಕ್ಸೆಟಿನ್ ನಿಧಾನವಾಗಿ ಹೋಗುವುದರಿಂದ ಕಡಿಮೆ.

ಎಲ್ಲರಿಗೂ ಹೀಗಾಗುತ್ತದೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಹಲವು ಅಧ್ಯಯನಗಳನ್ನು ಕೂಡಿಸಿ 2024ರಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ' ಪತ್ರಿಕೆ ಪ್ರಕಟಿಸಿದ ಲೆಕ್ಕದಂತೆ, ಮಾತ್ರೆ ಬಿಟ್ಟದ್ದೇ ಕಾರಣವಾಗಿ ತೊಂದರೆ ಕಾಣುವುದು ಸುಮಾರು ಆರೇಳು ಮಂದಿಯಲ್ಲಿ ಒಬ್ಬರಿಗೆ. ತೀವ್ರವಾಗುವುದು ಸುಮಾರು 35 ಮಂದಿಯಲ್ಲಿ ಒಬ್ಬರಿಗೆ. ಆದರೆ ಆ ಒಬ್ಬರು ಘಟ್ಟದ ಜೀಪಿನಲ್ಲಿ ನೇತಾಡಿಕೊಂಡು ಹೋಗುವವರಾದರೆ, ಇಲ್ಲವೇ ದಿಂಡಿಗಲ್ ಕಡೆಯ ನೂಲಿನ ಗಿರಣಿಯಲ್ಲಿ ರಾತ್ರಿ ಪಾಳಿಯವರಾದರೆ, ಒಂದು ತಲೆಸುತ್ತು ಸಾಕು, ಕೈಯೋ ಪ್ರಾಣವೋ ಹೋಗಲು.

ಬಿಡುವ ಕ್ರಮ ಹೀಗಿದೆ. ಡಾಕ್ಟರೊಡನೆ ಮಾತಾಡಿ, ಪ್ರಮಾಣವನ್ನು ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. 20 ಮಿಲಿಗ್ರಾಂನಿಂದ 10ಕ್ಕೆ ಬಂದವರು ಇನ್ನೇನು ಮುಗಿಯಿತೆಂದು ಅವಸರಪಡಬಾರದು. ಅನೇಕರಿಗೆ ಕೊನೆಯ ಮೆಟ್ಟಿಲುಗಳೇ ಕಷ್ಟ. ಸಂಕಟ ಹೆಚ್ಚಾದರೆ ಡಾಕ್ಟರಿಗೆ ತಿಳಿಸಿ ಹಿಂದಿನ ಮೆಟ್ಟಿಲಿಗೆ ಹೋಗಬಹುದು, ಅದು ಸೋಲಲ್ಲ. ಬಿಟ್ಟ ಕೆಲವೇ ದಿನಗಳಲ್ಲಿ ತಲೆಸುತ್ತು, ಕರೆಂಟು ಹೊಡೆತ ಬಂದರೆ ಅದು ಸಾಮಾನ್ಯವಾಗಿ ಮಾತ್ರೆ ಬಿಟ್ಟದ್ದರ ಫಲ. ಹಳೆಯ ಖಿನ್ನತೆ ಮರಳುವುದಾದರೆ ಹೆಚ್ಚಾಗಿ ವಾರಗಳು ಕಳೆದು, ನಿಧಾನವಾಗಿ. ಆ ದಿನಗಳಲ್ಲಿ ಹೆಂಡ ಬೇಡ, ರಾತ್ರಿ ಪಾಳಿ ಬೇಡ, ಒಂಟಿಯಾಗಿರುವುದೂ ಬೇಡ. ಸಾಯುವ ಯೋಚನೆ ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲೂ ಫೋನು ಮಾಡಬಹುದು.

ಬಡವರು ಮಾತ್ರೆ ಬಿಡುವುದು ಬರೀ ಅಜ್ಞಾನದಿಂದಲ್ಲ. ಆಸ್ಪತ್ರೆಗೆ ಹೋದ ದಿನ ಕೂಲಿ ಇಲ್ಲ, ಬಸ್ಸಿನ ಖರ್ಚು ಬೇರೆ. ಕ್ಯೂ ನಿಂತು ಕೌಂಟರಿಗೆ ಬಂದಾಗ "ಸ್ಟಾಕಿಲ್ಲ" ಎಂಬ ಉತ್ತರ. ಹಾಗೆ ಬಿಟ್ಟವರು ತಾವಾಗಿ ಬಿಟ್ಟವರಲ್ಲ, ಬಿಡುವ ಹಾಗೆ ಮಾಡಲ್ಪಟ್ಟವರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ವಿಧಿ ಹೇಳುವುದೇನು? ಪಟ್ಟಿಯಲ್ಲಿರುವ ಅಗತ್ಯ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾಕಾಲ ಉಚಿತವಾಗಿ ಸಿಗಬೇಕು ಎಂದು. ಇದು ಭಿಕ್ಷೆಯಲ್ಲ, ಹಕ್ಕು. ಕೂಲಿಗಾಗಿ ಧ್ವನಿ ಎತ್ತುವ ಸಂಘ ಇದಕ್ಕೂ ಎತ್ತಬೇಕು. ಚಿಕಿತ್ಸೆಯ ದಿನಕ್ಕೆ ಸಂಬಳದ ರಜೆ ಕೇಳಬೇಕು. ಸ್ಟಾಕಿಲ್ಲವೆಂದರೆ ನಾಲ್ಕು ಜನ ಕೂಡಿ ಹೋಗಿ ಬರವಣಿಗೆಯಲ್ಲಿ ಕೇಳಬೇಕು.

ನನ್ನಂಥ ಉಪದೇಶಿಗಳಿಗೂ ಪ್ರಾರ್ಥನಾ ಕೂಟ ನಡೆಸುವವರಿಗೂ ಒಂದು ಮಾತು. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬಿಡಿ ಎನ್ನಲು ನಮಗೆ ಧೈರ್ಯವಿಲ್ಲ. ಮನಸ್ಸಿನ ಕಾಯಿಲೆಯವರಿಗೆ ಮಾತ್ರ ಅಷ್ಟು ಸುಲಭವಾಗಿ ಹೇಳುತ್ತೇವೆ. ವೈದ್ಯನನ್ನು ಗೌರವಿಸಬೇಕೆಂದು ಸಿರಾಕನ ಗ್ರಂಥದ 38ನೇ ಅಧ್ಯಾಯವೇ ಬೋಧಿಸುತ್ತದೆ. ಪ್ರಾರ್ಥನೆ ಮಾಡೋಣ; ಮಾತ್ರೆಯ ಮಾತನ್ನು ಡಾಕ್ಟರಿಗೆ ಬಿಡೋಣ.

ಆ ತಾಯಿ ಈಗ ಡಾಕ್ಟರು ಹೇಳಿದಂತೆ ಮಾತ್ರೆಯನ್ನು ಮೆಲ್ಲಗೆ ಇಳಿಸುತ್ತಿದ್ದಾರೆ. ಆಸ್ಪತ್ರೆಯ ದಿನ ಜೊತೆಗೆ ನಾನೂ ಬಸ್ಸು ಹತ್ತುತ್ತೇನೆ. ಅಂದು ಹೇಳಬಾರದ್ದನ್ನು ಹೇಳಿದವನು ಇಂದು ಮಾಡಬಹುದಾದದ್ದು ಅಷ್ಟೇ.