ಅಮೆರಿಕ ಯಾರ ಪಾಲಿಗೆ?

ಬೇಸಿಗೆ ರಜೆ ಮುಗಿದು ಜುಲೈ ಬಂತೆಂದರೆ ದಿಲ್ಲಿ, ಗುರುಗ್ರಾಮ, ನೋಯ್ಡಾದ ಖಾಸಗಿ ಶಾಲೆಗಳಲ್ಲಿ ಹದಿನಾರು ಹದಿನೇಳರ ಮಕ್ಕಳು ಸೆಕೆಯಲ್ಲೂ ಕೋಟು ಹಾಕಿಕೊಂಡು ದೇಶಗಳಾಗಲು ಹೊರಡುತ್ತಾರೆ. ಒಬ್ಬಳು ರಷ್ಯಾ, ಇನ್ನೊಬ್ಬ ಗಯಾನಾ. ಇದು ಮಾಡೆಲ್ ಯುನೈಟೆಡ್ ನೇಷನ್ಸ್, ಮಕ್ಕಳ ಬಾಯಲ್ಲಿ ‘ಮನ್’. ನಮ್ಮದೇ ಸರ್ವಪಕ್ಷ ಸಭೆಯ ಅಣಕು ರೂಪವೂ ಇದರೊಳಗೆ ಸೇರಿಕೊಂಡಿದೆ. ಅಲ್ಲಿ ಒಬ್ಬ ಪ್ರಧಾನಿ, ಒಬ್ಬ ವಿರೋಧ ಪಕ್ಷದ ನಾಯಕ, ಉಳಿದವರು ಯಾರೂ ಹೆಸರು ಕೇಳದ ಸಂಸದರು. 2020ರ ಲಾಕ್‌ಡೌನ್‌ನಲ್ಲಿ ಇದೆಲ್ಲ ಝೂಮ್, ಡಿಸ್ಕಾರ್ಡ್‌ಗಳಿಗೆ ಹೋದಾಗ, ಇದು ವಿದ್ಯಾಭ್ಯಾಸಕ್ಕಿಂತ ಹೆಚ್ಚಾಗಿ ಒಂದು ಆನ್‌ಲೈನ್ ಪಾತ್ರಾಟ ಎಂಬುದು ಬಯಲಾಯಿತು.

ಪಾತ್ರಾಟವೆಂದ ಮೇಲೆ ಹಳೆಯ ಜಗಳವೂ ಬಂತು: ದೊಡ್ಡ ಪಾತ್ರ ಯಾರಿಗೆ?

ದೊಡ್ಡ ಪಾತ್ರಗಳು ಕೆಲವೇ ಇರಬೇಕು ಎಂಬುದರಲ್ಲಿ ತಕರಾರಿಲ್ಲ. 2003ರಲ್ಲಿ ಬಂದ ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ ಆಟದಲ್ಲಿ ಜೆಡೈ ಯೋಧನಾಗುವ ದಾರಿಯನ್ನು ಗುಟ್ಟಾಗಿ ಇಟ್ಟಿದ್ದರು. ಅಲ್ಲಿ ದರ್ಜಿ, ವೈದ್ಯ, ನರ್ತಕಿಯಾಗಿ ಬದುಕುವುದೂ ಆಟವೇ. 2005ರ ನವೆಂಬರ್‌ನಲ್ಲಿ ಕಂಪನಿ ಮೂವತ್ತಕ್ಕೂ ಹೆಚ್ಚು ಕಸುಬುಗಳನ್ನು ಒಂಬತ್ತಕ್ಕೆ ಇಳಿಸಿ, ಮೊದಲ ದಿನವೇ ಯಾರು ಬೇಕಾದರೂ ಜೆಡೈ ಆಗಬಹುದು ಎಂದಿತು. ಹಳೆಯ ಆಟಗಾರರು ಗುಂಪುಗುಂಪಾಗಿ ಎದ್ದು ಹೋದರು. 2011ರ ಡಿಸೆಂಬರ್‌ನಲ್ಲಿ ಆಟವೇ ಮುಚ್ಚಿತು. ಬಯಲಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ದೊಂದಿಯ ಬೆಳಕಲ್ಲಿ ಜನರ ನಡುವಿನಿಂದ ಬರುವಾಗ ಮೈ ಜುಮ್ಮೆನ್ನುವುದು ಅವನು ಒಬ್ಬನೇ ಆದ್ದರಿಂದ. ನಾಲ್ವರು ಬಂದರೆ ದಾರಿ ಬಿಡಿ ಎನ್ನಬೇಕಾದೀತು, ಅಷ್ಟೇ.

ತಕರಾರಿರುವುದು ಆ ಒಂದು ಪಾತ್ರ ಹಂಚಿಕೆಯಾಗುವ ರೀತಿಯ ಬಗ್ಗೆ. ಹೆಸರು ಕೊಡುವ ಗೂಗಲ್ ಫಾರ್ಮಿನಲ್ಲಿ ಬೇಕಾದ ದೇಶಗಳ ಕೆಳಗೆ ಇನ್ನೊಂದು ಕಾಲಂ ಇರುತ್ತದೆ: ಈವರೆಗೆ ಎಷ್ಟು ಸಮ್ಮೇಳನ, ಯಾವ ದೇಶ, ಯಾವ ಬಹುಮಾನ? ಈ ಕಾಲಂ ತುಂಬಿದವರಿಗೆ ಅಮೆರಿಕ. ಖಾಲಿ ಬಿಟ್ಟವರಿಗೆ ಉಳಿದದ್ದು. ಬಿಕ್ಕಟ್ಟು ಬಂದಾಗ ಎಲ್ಲರೂ ತಿರುಗಿ ನೋಡುವುದು ಅಮೆರಿಕದತ್ತ. ಮಾತಿನ ಸರದಿ ಮತ್ತೆ ಮತ್ತೆ ಬರುವುದೂ ಅದಕ್ಕೇ. ಹೆಚ್ಚು ಮಾತಾಡಿದವರು ಬಹುಮಾನದ ಹತ್ತಿರ ಇರುತ್ತಾರೆ. ಬಹುಮಾನ ಮುಂದಿನ ಫಾರ್ಮಿಗೆ ಹೋಗುತ್ತದೆ, ಅಲ್ಲಿಂದ ವಿದೇಶಿ ಕಾಲೇಜಿನ ಅರ್ಜಿಗೆ.

ಇದನ್ನು ಅನುಭವಕ್ಕೆ ಕೊಡುವ ಮನ್ನಣೆ ಎನ್ನುತ್ತಾರೆ. ಆದರೆ ಪ್ರತಿ ಸಮ್ಮೇಳನಕ್ಕೂ ಶುಲ್ಕವಿದೆ. ಹತ್ತು ಸಮ್ಮೇಳನ ಕಂಡ ಹುಡುಗನ ಹಿಂದೆ ಹತ್ತು ಸಲ ದುಡ್ಡು ಕಟ್ಟಿದ ಅಪ್ಪ ಇರುತ್ತಾನೆ. ಆ ಕಾಲಂ ಅಳೆಯುವುದು ಬುದ್ಧಿಯನ್ನಲ್ಲ, ಜೇಬನ್ನು. ನೇರವಾಗಿ ಹರಾಜು ಹಾಕಿದ್ದರೆ ಕನಿಷ್ಠ ಅದಕ್ಕೆ ಹರಾಜು ಎಂಬ ಹೆಸರಾದರೂ ಇರುತ್ತಿತ್ತು.

ಮೇಳದಲ್ಲೂ ಕೋಡಂಗಿ, ಬಾಲಗೋಪಾಲ ಎಂದು ಮೆಟ್ಟಿಲು ಹತ್ತಿಯೇ ದೊಡ್ಡ ವೇಷಕ್ಕೆ ಬರಬೇಕಲ್ಲವೇ ಎಂದು ಕೇಳಬಹುದು. ಹೌದು. ಆದರೆ ಬಾಲಗೋಪಾಲ ಕಟ್ಟಿದ ಹುಡುಗ ತಿರುಗಾಟದುದ್ದಕ್ಕೂ ರಾತ್ರಿ ರಾತ್ರಿ ಚೌಕಿಯಲ್ಲಿ ದೊಡ್ಡವರು ಬಣ್ಣ ಹಚ್ಚುವುದನ್ನು ನೋಡುತ್ತಾನೆ, ಅದಕ್ಕೆ ಅವನಿಗೆ ಸಂಬಳವೂ ಉಂಟು. ‘ಮನ್’ನ ಹೊಸಬಳು ಅಮೆರಿಕದಷ್ಟೇ ಶುಲ್ಕ ಕಟ್ಟಿ, ಎರಡು ಮೂರು ದಿನ ಕೂತು, ಒಂದೆರಡು ನಿಮಿಷ ಮಾತಾಡಿ, ಹಾಜರಿ ಪತ್ರ ಹಿಡಿದು ಮನೆಗೆ ಹೋಗುತ್ತಾಳೆ. ಅಲ್ಲಿ ಮೆಟ್ಟಿಲಿಲ್ಲ, ಅಟ್ಟ ಇದೆ, ನೆಲ ಇದೆ.

ಮದ್ದು ದೂರ ಹುಡುಕಬೇಕಾಗಿಲ್ಲ, ಈ ಮಕ್ಕಳು ನಟಿಸುವ ಸಂಸ್ಥೆಯ ಸನ್ನದಿನಲ್ಲೇ ಇದೆ. ಭದ್ರತಾ ಮಂಡಳಿಯ ಹದಿನೈದು ಸ್ಥಾನಗಳಲ್ಲಿ ಹತ್ತು ಚುನಾಯಿತ. ಅವಧಿ ಎರಡು ವರ್ಷ, ಇಳಿದ ದೇಶ ಕೂಡಲೇ ಮತ್ತೆ ಆಯ್ಕೆಯಾಗುವಂತಿಲ್ಲ ಎನ್ನುತ್ತದೆ 23ನೇ ವಿಧಿ. 2022ರ ಕೊನೆಗೆ ಭಾರತವೂ ಹಾಗೆಯೇ ಎದ್ದು ಬಂತು. ಖಾಯಂ ಐವರಿಗೆ ಈ ನಿಯಮವಿಲ್ಲದ್ದು ಅನ್ಯಾಯ ಎಂದು ನಮ್ಮ ಸರ್ಕಾರ ಎಷ್ಟೋ ವರ್ಷಗಳಿಂದ ಸುಧಾರಣೆ ಕೇಳುತ್ತಿದೆ. ಆ ವಾದವನ್ನು ವೇದಿಕೆಯಲ್ಲಿ ಉರು ಹೊಡೆದು ಒಪ್ಪಿಸುವ ಶಾಲೆಗಳೇ ತಮ್ಮ ಹಂಚಿಕೆಯಲ್ಲಿ ಖಾಯಂ ಸದಸ್ಯರನ್ನು ಬೆಳೆಸುತ್ತಿವೆ. ಈ ವರ್ಷ ಅಮೆರಿಕವಾದವರಿಗೆ ಮುಂದಿನ ವರ್ಷ ವೀಟೋ ಇರುವ ಯಾವ ದೇಶವೂ ಸಿಗಬಾರದು. ಪ್ರಧಾನಿಯ ಪಾತ್ರಕ್ಕೂ ಅದೇ ಲೆಕ್ಕ.

ಓದಿಕೊಳ್ಳದ ಹೊಸಬ ಮೊದಲ ಗಂಟೆಯಲ್ಲೇ ವೀಟೋ ಹಾಕಿ ಎಲ್ಲರ ಆಟ ಕೆಡಿಸಿದರೆ? ಕೆಡಿಸಬಹುದು, ಈ ಭಯ ಸುಳ್ಳಲ್ಲ. ಅದಕ್ಕೆ ಒಂದು ದೇಶಕ್ಕೆ ಇಬ್ಬರು ಕೂರುವ ಪದ್ಧತಿ ಆಗಲೇ ಇದೆ. ಹೊಸಬಳ ಪಕ್ಕ ಹಳಬ ಕೂರಲಿ, ಮತ ಅವಳದಿರಲಿ.

ಇನ್ನೊಂದು ಕೆಲಸ ಎಕ್ಸಿಕ್ಯೂಟಿವ್ ಬೋರ್ಡಿನದು: ಸಣ್ಣ ಪಾತ್ರಗಳಿಗೆ ಕೆಲಸ ಕೊಡುವುದು. 2024ರ ಮಾರ್ಚ್ 25ರಂದು ಗಾಜಾದಲ್ಲಿ ಕದನವಿರಾಮ ಕೇಳುವ 2728ನೇ ನಿರ್ಣಯವನ್ನು ಭದ್ರತಾ ಮಂಡಳಿಗೆ ತಂದವರು ಐದು ಖಾಯಂ ದೇಶಗಳಲ್ಲ, ಹತ್ತು ಚುನಾಯಿತ ಸದಸ್ಯರು. ಮಂಡಿಸಿದ್ದು ಮೊಜಾಂಬಿಕ್. ಹದಿನಾಲ್ಕು ಮತ ಬಿದ್ದವು, ಅಮೆರಿಕ ಮತ ಹಾಕದೆ ಕೂತಿತು. ನೋಯ್ಡಾದ ಯಾವ ಶಾಲೆಯಲ್ಲಾದರೂ ಆ ದಿನವನ್ನೇ ಆಡಿಸಿದರೆ, ಮೊಜಾಂಬಿಕ್ ಸಿಕ್ಕವಳಿಗೆ ಬೆಳಗಿನಿಂದ ಸಂಜೆಯವರೆಗೆ ಉಸಿರಾಡಲು ಪುರಸೊತ್ತಿರುವುದಿಲ್ಲ.