ನೋವಿಲ್ಲದ ಮಚ್ಚೆ, ತಡವಾಗುವ ತಪಾಸಣೆ

ಗೋರ್ಟಾ (ಬಿ): ರಾಜ್ಯ ಸರ್ಕಾರ ತಂಬಾಕುಯುಕ್ತ ಗುಟ್ಕಾವನ್ನು ನಿಷೇಧಿಸಿದ್ದು 2013ರ ಮೇ ತಿಂಗಳಲ್ಲಿ. ನೆರೆಯ ಮಹಾರಾಷ್ಟ್ರ ಅದಕ್ಕೂ ಮುನ್ನ, 2012ರಲ್ಲೇ ಈ ಕ್ರಮ ಕೈಗೊಂಡಿತ್ತು. ಆದರೆ ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ಜರ್ದಾ ಮತ್ತೊಂದರಲ್ಲಿ ಮಾರಾಟವಾಗತೊಡಗಿ ಎರಡೂ ಗ್ರಾಹಕನ ಅಂಗೈಯಲ್ಲಿ ಒಂದಾದವು. ಈ ಜಾಣತನವನ್ನು ತಡೆಯಲು 2016ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಸೂಚಿಸಬೇಕಾಯಿತು. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇ 16.3ರಷ್ಟು ಮಂದಿ ಹೊಗೆರಹಿತ ತಂಬಾಕು ಬಳಸುತ್ತಿದ್ದರು. ಎರಡು ರಾಜ್ಯಗಳ ಗಡಿಗೆ ಹೊಂದಿಕೊಂಡ ಬೀದರ್ ಜಿಲ್ಲೆಯ ಗೋರ್ಟಾ (ಬಿ)ಯಂಥ ಗ್ರಾಮಗಳಿಗೆ ನಿಷೇಧಾಜ್ಞೆಗಿಂತ ಬಾಯಿಯ ತಪಾಸಣೆಯೇ ಮುಖ್ಯವಾಗುವುದು ಈ ಕಾರಣಕ್ಕೆ.

ಬಾಯಿ ಕ್ಯಾನ್ಸರ್ ಸಾಮಾನ್ಯವಾಗಿ ಸುಳಿವು ಕೊಟ್ಟೇ ಬರುತ್ತದೆ. ತಂಬಾಕು ಇರಿಸಿಕೊಳ್ಳುವ ಕೆನ್ನೆಯ ಒಳಭಾಗದಲ್ಲಿ ಉಜ್ಜಿದರೂ ಹೋಗದ ಬಿಳಿ ಮಚ್ಚೆ ಮೂಡುತ್ತದೆ. ವೈದ್ಯರ ಭಾಷೆಯಲ್ಲಿ ಇದು ಲ್ಯುಕೋಪ್ಲೇಕಿಯಾ. ಮೇಲ್ಪದರದ ಜೀವಕೋಶಗಳು ಆಕಾರ, ಕ್ರಮ ತಪ್ಪಿ ಬೆಳೆಯುವ ಸ್ಥಿತಿ ಡಿಸ್‌ಪ್ಲೇಸಿಯಾ. ಆ ಕೋಶಗಳು ಕೆಳಗಿನ ಆಧಾರಪೊರೆಯನ್ನು ಭೇದಿಸಿ ಒಳಗಿಳಿದರೆ ಅದೇ ಕ್ಯಾನ್ಸರ್. ಬಿಳಿ ಮಚ್ಚೆಗಳಲ್ಲಿ ಹೆಚ್ಚಿನವು ಅಲ್ಲಿಯವರೆಗೆ ಹೋಗುವುದಿಲ್ಲ. ಕೆಂಪು ಮಚ್ಚೆಯ ಮಾತೇ ಬೇರೆ. ಅದರ ತುಣುಕು ತೆಗೆದು ಪರೀಕ್ಷಿಸಿದಾಗ ಬಹುಪಾಲು ಪ್ರಕರಣಗಳಲ್ಲಿ ತೀವ್ರ ಡಿಸ್‌ಪ್ಲೇಸಿಯಾ ಅಥವಾ ಕ್ಯಾನ್ಸರೇ ಕಂಡುಬರುತ್ತದೆ.

ತಂಬಾಕು ಬಿಟ್ಟು ಬರೀ ಅಡಿಕೆ ಜಗಿಯುತ್ತೇನೆಂಬ ಸಮಾಧಾನಕ್ಕೂ ಆಧಾರವಿಲ್ಲ. ಅಡಿಕೆಯಿಂದ ಬಾಯಿಯೊಳಗಿನ ಅಂಗಾಂಶ ನಾರುಗಟ್ಟುತ್ತದೆ. ಖಾರ ಸೋಕಿದರೆ ಉರಿ, ಕೆನ್ನೆ ಬಿಗಿತ, ಮೂರು ಬೆರಳು ಹಿಡಿಸಬೇಕಾದ ಬಾಯಿಗೆ ಕೊನೆಗೆ ಒಂದು ಬೆರಳೂ ಹಿಡಿಸದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಅಡಿಕೆ ಬೆಳೆಯುವ ರಾಜ್ಯದಲ್ಲಿ ಇದನ್ನು ಗಟ್ಟಿಯಾಗಿ ಹೇಳುವ ರಾಜಕಾರಣಿ ಸಿಗುವುದು ಕಷ್ಟ.

ತಪಾಸಣೆಗೆ ಬೇಕಿರುವುದು ಟಾರ್ಚ್ ಮತ್ತು ತರಬೇತಾದ ಕಣ್ಣು ಮಾತ್ರ. ಆರೋಗ್ಯ ಕಾರ್ಯಕರ್ತರು ಬಾಯಿ ಪರೀಕ್ಷಿಸಿದ ತಿರುವನಂತಪುರದ ಅಧ್ಯಯನದಲ್ಲಿ, ತಂಬಾಕು ಅಥವಾ ಮದ್ಯ ಬಳಸುವವರ ಪೈಕಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ಇಳಿದಿದ್ದು 2005ರಲ್ಲಿ ಪ್ರಕಟವಾಯಿತು. ಕೇಂದ್ರದ ಮಾರ್ಗಸೂಚಿಯೂ 30 ದಾಟಿದವರಿಗೆ 5 ವರ್ಷಕ್ಕೊಮ್ಮೆ ಬಾಯಿ ಪರೀಕ್ಷೆ ನಡೆಸಬೇಕೆನ್ನುತ್ತದೆ.

ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ಮಚ್ಚೆ ಪತ್ತೆಯಾದವರು ಬೀದರ್‌ಗೋ, ಕಿದ್ವಾಯಿ ಸಂಸ್ಥೆಯ ಕೇಂದ್ರವಿರುವ ಕಲಬುರಗಿಗೋ ಹೋಗಬೇಕು. ನೋಯದ ಮಚ್ಚೆಗಾಗಿ ದಿನದ ಕೂಲಿ ಬಿಟ್ಟು ಬಸ್ಸು ಹತ್ತುವವರು ಎಷ್ಟು ಮಂದಿ? ತಂಬಾಕು ಬಿಟ್ಟರೆ ಕೆಲವು ಬಿಳಿ ಮಚ್ಚೆಗಳು ತಾವಾಗಿಯೇ ಮಾಯುತ್ತವೆ. ನಾರುಗಟ್ಟಿದ ಕೆನ್ನೆ ಮಾತ್ರ ಮೊದಲಿನಂತಾಗುವುದಿಲ್ಲ.